ಲೋಡ್ ಇಳಿಸಿ, ಆಮೇಲೆ ಗಾಡಿ ಶೆಡ್ಡಿಗೆ

ರಾತ್ರಿ ಪಾಳಿ ಮುಗಿಸಿ ನರಸಾಪುರದಿಂದ ಕೋಲಾರದ ಮನೆಗೆ ಬಂದಾಗ ಬೆಳಗ್ಗೆ ಏಳು ಗಂಟೆ. ಅಪ್ಪ ಕಂಪ್ಯೂಟರ್ ಮುಂದೆ ಕೂತಿದ್ದರು. ಕೈ ಇನ್ನೂ ಸ್ಟೀರಿಂಗ್ ಮೇಲೇ ಇತ್ತು. ಪರದೆ ಮೇಲೆ ಮಾತ್ರ ಆಟ ಇರಲಿಲ್ಲ.

"ಗಾಡಿ ಸ್ಟಾರ್ಟೇ ಆಗ್ತಿಲ್ಲ ಕಣಪ್ಪ. ನಾಲ್ಕು ಸಲ ನೋಡ್ದೆ. ಅರ್ಧಕ್ಕೆ ಬರುತ್ತೆ, ಹಂಗೇ ಮುಚ್ಕೊಂಡು ಹೋಗುತ್ತೆ" ಎಂದರು.

ಅಪ್ಪ 28 ವರ್ಷ ಲಾರಿ ಓಡಿಸಿದವರು. ಎಪಿಎಂಸಿಯಲ್ಲಿ 15 ಕೆಜಿಯ ಟೊಮ್ಯಾಟೊ ಬಾಕ್ಸ್‌ಗಳನ್ನು ತುಂಬಿಕೊಂಡು ಮುಳಬಾಗಿಲು, ನಂಗಲಿ, ಪಲಮನೇರು ದಾಟಿ, ಮೊಗಿಲಿ ಘಾಟ್ ಇಳಿದು, ಚೆನ್ನೈನ ಕೊಯಂಬೇಡು ಮಾರ್ಕೆಟ್ ಮುಟ್ಟಿಸುತ್ತಿದ್ದರು. ಮಂಡಿ ಆಪರೇಷನ್ ಆದಮೇಲೆ ಡಾಕ್ಟರು ಕ್ಲಚ್ ತುಳಿಯಬೇಡಿ ಎಂದರು. ಮನೆಯಲ್ಲಿ ಸುಮ್ನೆ ಕೂತಿದ್ದ ಅವರನ್ನು ನೋಡಲಾಗದೆ ಹಳೆಯದೊಂದು ಸ್ಟೀರಿಂಗ್ ಸೆಟ್ ತಂದು ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿಕೊಟ್ಟೆ. ಜೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್‌ನವರು 2012ರಲ್ಲಿ ತಂದ ಆಟ. ಇವತ್ತಿಗೂ ಅದಕ್ಕೆ ಹೊಸ ರಸ್ತೆ, ಹೊಸ ಗಾಡಿ ಸೇರಿಸುತ್ತಲೇ ಇದ್ದಾರೆ.

ಮೊದಮೊದಲು ಅಪ್ಪನಿಗೆ ಹಿಡಿಸಲಿಲ್ಲ. ರಸ್ತೆಯ ಬಲಗಡೆ ಓಡಿಸುವುದು ಅವರ ಕೈಗೆ ಒಗ್ಗಲಿಲ್ಲ. ಆಮೇಲೆ ಇಂಗ್ಲೆಂಡಿನಲ್ಲಿ ನಮ್ಮ ಹಾಗೆ ಎಡಗಡೆಯೇ ಓಡಿಸುತ್ತಾರೆ ಎಂದು ಗೊತ್ತಾಯಿತು. ಷೆಫೀಲ್ಡ್ ಎಂಬ ಊರಿನಲ್ಲಿ ಗ್ಯಾರೇಜ್ ಮಾಡಿಕೊಂಡರು. ದಿನಾ ಸಂಜೆ ಎರಡು ಗಂಟೆ. ಎರಡು ವರ್ಷದಲ್ಲಿ ಇಬ್ಬರು ಡ್ರೈವರುಗಳನ್ನು ಕೆಲಸಕ್ಕಿಟ್ಟುಕೊಂಡರು. ಆಟ ಎಲ್ಲಿಯವರೆಗೆ ಬಂತು ಎಂಬುದನ್ನು ಉಳಿಸಿಡುವ ಆ ಸೇವ್ ಫೈಲ್ ನಮ್ಮನೆಯಲ್ಲಿ ಆಟದ ವಸ್ತುವಾಗಿ ಉಳಿದಿರಲಿಲ್ಲ. ಅದು ಅಪ್ಪನ ದುಡಿಮೆ.

ಮಾಡ್‌ಗಳು ಬಂದದ್ದು ಅಕ್ಕನ ಮಗನಿಂದ. ಪಿಯುಸಿ ಓದುವ ಹುಡುಗ. ಆಟ ಮಾಡಿದವರಲ್ಲದೆ ಬೇರೆಯವರು ತಯಾರಿಸಿ ಆಟಕ್ಕೆ ಸೇರಿಸುವ ತುಣುಕುಗಳಿಗೆ ಮಾಡ್ ಎನ್ನುತ್ತಾರೆ. ತಾತನಿಗೆ ಖುಷಿಯಾಗಲಿ ಎಂದು ಅವನು ಲೇಲ್ಯಾಂಡ್ ಲಾರಿಯ ಮಾಡ್ ಹಾಕಿದ. ಹಿಂದಿನ ಹಲಗೆಯ ಮೇಲೆ "ಕೋಲಾರಮ್ಮನ ಕೃಪೆ" ಎಂದು ಬರೆಸಿಕೊಟ್ಟ. ಅದನ್ನು ನೋಡಿದ ದಿನ ಅಪ್ಪ ಊಟಕ್ಕೆ ಏಳಲೇ ಇಲ್ಲ. ಆಮೇಲೆ ಹಾರನ್ ಬಂತು. ನಮ್ಮ ಬಸ್ಸು, ಆಟೋ ಓಡಾಡುವ ಟ್ರಾಫಿಕ್ ಬಂತು. ಮಳೆ ಬಂತು. ಕೊನೆಗೆ ಹಡಗು ಹತ್ತಿ ಹೋಗಿ ಸೇರಬಹುದಾದ ಭಾರತದ ರಸ್ತೆಗಳ ನಕ್ಷೆಯೂ ಬಂತು. ಒಟ್ಟು 37. ಯಾವುದು ಯಾವಾಗ ಬಂತು, ಎಲ್ಲಿಂದ ಬಂತು ಎಂದು ಯಾರೂ ಬರೆದಿಟ್ಟಿರಲಿಲ್ಲ.

ಹಿಂದಿನ ರಾತ್ರಿ ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದಿತ್ತು. ಆಟ ಹೊಸದಾಯಿತು, ಮಾಡ್‌ಗಳು ಹಳೆಯವೇ ಉಳಿದವು. ಆಟದ ಒಳಗಿನ ಏರ್ಪಾಡು ಬದಲಾದಾಗ ಮಾಡ್ ಮಾಡಿದವರೂ ತಮ್ಮದನ್ನು ಬದಲಿಸಿಕೊಡಬೇಕು. ಕೆಲವರು ವಾರದಲ್ಲಿ ಕೊಡುತ್ತಾರೆ, ಕೆಲವರು ಕೊಡುವುದೇ ಇಲ್ಲ. ಬಿಡುವಿನಲ್ಲಿ, ಬಹಳ ಸಲ ದುಡ್ಡಿಲ್ಲದೆ ಮಾಡುವ ಕೆಲಸ ಅದು. ಅವರನ್ನು ದೂರಲು ನನಗೆ ಮನಸ್ಸಿಲ್ಲ.

ನಿದ್ದೆಗಣ್ಣಿನಲ್ಲಿ ನಾನು ಮಾಡಿದ ಕೆಲಸ ಕೇಳಿ. ಡಾಕ್ಯುಮೆಂಟ್ಸ್ ಒಳಗೆ ಆಟದ ಹೆಸರಿನ ಫೋಲ್ಡರ್ ಇರುತ್ತದೆ. ಅದರೊಳಗೆ ಮಾಡ್ ಎಂಬ ಇನ್ನೊಂದು ಫೋಲ್ಡರ್. ನಕ್ಷೆಯದ್ದು, ಲಾರಿಗಳದ್ದು ಎಂದು ಅನಿಸಿದ ಫೈಲುಗಳನ್ನೆಲ್ಲ ಅಲ್ಲಿಂದ ಡಿಲೀಟ್ ಮಾಡಿದೆ. ಆಟ ತೆರೆದೆ. ಕೆಲವು ಮಾಡ್‌ಗಳು ಕಾಣುತ್ತಿಲ್ಲ, ಮುಂದುವರಿಯಬೇಕೇ ಎಂದು ಕೇಳಿತು. ಹೂಂ ಎಂದೆ.

ತೆರೆದುಕೊಂಡಿತು. ಆದರೆ ಅಪ್ಪನ ಲಾರಿ ಇರಲಿಲ್ಲ. ಹಿಂದಿನ ರಾತ್ರಿ ತುಂಬಿದ್ದ ಲೋಡ್ ರದ್ದಾಗಿತ್ತು. ಭಾರತದ ನಕ್ಷೆಯಲ್ಲಿ ಮಾಡಿದ್ದ ಗ್ಯಾರೇಜ್ ಪಟ್ಟಿಯಲ್ಲೇ ಇಲ್ಲ. ಅಪ್ಪ ನನ್ನ ಹಿಂದೆ ನಿಂತು ನೋಡುತ್ತಿದ್ದರು. ಬೈಯಲಿಲ್ಲ.

"ಲೋಡ್ ಇಳಿಸದೆ ಗಾಡೀನ ಶೆಡ್ಡಿಗೆ ಬಿಡ್ತಾರೇನಪ್ಪ?" ಎಂದಷ್ಟೇ ಕೇಳಿದರು.

ಆ ಒಂದು ಮಾತಿನಲ್ಲಿ ಇಡೀ ವಿಷಯ ಇತ್ತು. ಲಾರಿ ಶೆಡ್ಡಿಗೆ ಹೋಗುವ ಮೊದಲು ಲೋಡ್ ಇಳಿಸುತ್ತಾರೆ. ಟಾರ್ಪಾಲು, ಹಗ್ಗ, ಕ್ಯಾಬಿನ್ನಿನಲ್ಲಿರುವ ಪೇಪರ್ರು, ದೇವರ ಫೋಟೋ ಎಲ್ಲ ತೆಗೆದಿಡುತ್ತಾರೆ. ಆಮೇಲೆ ಮೆಕ್ಯಾನಿಕ್ ಕೈಗೆ ಕೀ. ಮಾಡ್ ತೆಗೆಯುವುದೂ ಹಾಗೇ. ಮಾಡ್ ಇರುವುದು ಫೋಲ್ಡರಿನಲ್ಲಿ ಮಾತ್ರ ಅಲ್ಲ. ಆ ಲಾರಿ ಕೊಂಡ ಕ್ಷಣದಿಂದ, ಆ ನಕ್ಷೆಯಲ್ಲಿ ಗ್ಯಾರೇಜ್ ಮಾಡಿದ ಕ್ಷಣದಿಂದ ಅದು ಸೇವ್ ಫೈಲಿನ ಒಳಗೂ ಹೆಣೆದುಕೊಂಡಿರುತ್ತದೆ. ಫೋಲ್ಡರಿನಿಂದ ಕಿತ್ತರೆ ಸೇವ್ ಫೈಲು ಇಲ್ಲದ ವಸ್ತುವನ್ನು ಹುಡುಕುತ್ತದೆ. ಸಿಗದಿದ್ದರೆ ಬಿಟ್ಟುಬಿಡುತ್ತದೆ, ಇಲ್ಲವೇ ಆಟವೇ ನಿಂತುಹೋಗುತ್ತದೆ. ಹಾಗಾಗಿ ತೆಗೆಯುವ ಕೆಲಸ ಶುರುವಾಗಬೇಕಾದ್ದು ಆಟದ ಒಳಗಿನಿಂದ.

ಸೇವ್ ಮಾಡದೆ ಹೊರಗೆ ಬಂದೆ. ಡಿಲೀಟ್ ಮಾಡಿದ್ದನ್ನು ರೀಸೈಕಲ್ ಬಿನ್‌ನಿಂದ ವಾಪಸ್ ತಂದೆ. ಆದರೆ ಆಟ ತನ್ನಷ್ಟಕ್ಕೆ ಆಟೋಸೇವ್ ಬರೆಯುತ್ತದೆ. ಅದರಲ್ಲಿ ಲಾರಿ ಇಲ್ಲದ ಸ್ಥಿತಿ ಕೂತಿರಬಹುದು ಎಂಬ ಹೆದರಿಕೆ ಇತ್ತು. ಅವತ್ತು ಇನ್ನೇನೂ ಮುಟ್ಟಲಿಲ್ಲ, ಮಲಗಿಬಿಟ್ಟೆ. ಅದೊಂದು ಸರಿಯಾದ ತೀರ್ಮಾನ.

ಭಾನುವಾರ ಬಂಗಾರಪೇಟೆಯಿಂದ ಅಕ್ಕನ ಮಗನನ್ನು ಕರೆಸಿಕೊಂಡೆ. ಮೊದಲ ಕೆಲಸ, ಆಟದ ಹೆಸರಿನ ಆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದ್ದು. ಕೆಟ್ಟಿದ್ದರೂ ಇರಲಿ, ಈಗಿನ ಸ್ಥಿತಿಯ ಒಂದು ಪ್ರತಿ ಕೈಯಲ್ಲಿರಬೇಕು. ಆಟದಲ್ಲಿ ಒಬ್ಬರ ಹೆಸರು, ಸೇವ್‌ಗಳೆಲ್ಲ ಇರುವ ಖಾತೆಗೆ ಪ್ರೊಫೈಲ್ ಎನ್ನುತ್ತಾರೆ. ಆಟ ಕೊಂಡು ಹಾಕಿಕೊಳ್ಳುವ ಸ್ಟೀಮ್ ಎಂಬ ಆ್ಯಪ್, ಬೇಕೆಂದರೆ ಅದರ ಪ್ರತಿಯನ್ನು ನೆಟ್‌ನಲ್ಲೂ ಇಡುತ್ತದೆ, ಅದು ಸ್ಟೀಮ್ ಕ್ಲೌಡ್. ಅಪ್ಪನ ಪ್ರೊಫೈಲ್ ಅದರಲ್ಲಿ ಇರಲಿಲ್ಲ, ಹಾಗಾಗಿ ಎಲ್ಲ ಇದೇ ಫೋಲ್ಡರಿನಲ್ಲಿತ್ತು. ಕ್ಲೌಡ್ ಹಾಕಿಕೊಂಡವರ ಪ್ರೊಫೈಲ್ ಸ್ಟೀಮ್‌ನ ಬೇರೆ ಫೋಲ್ಡರಿನಲ್ಲಿ ಕೂತಿರುತ್ತದೆ. ಪ್ರೊಫೈಲ್ ಎಡಿಟ್ ಮಾಡುವ ಕಡೆ ಕ್ಲೌಡ್ ಆಯ್ಕೆ ತೆಗೆದರೆ ಅದು ಡಾಕ್ಯುಮೆಂಟ್ಸ್‌ಗೆ ಬರುತ್ತದೆ. ಇದು ಗೊತ್ತಿಲ್ಲದೆ ಖಾಲಿ ಫೋಲ್ಡರನ್ನೇ ಕಾಪಿ ಮಾಡಿಟ್ಟುಕೊಂಡು ನೆಮ್ಮದಿಯಾಗಿರುವವರಿದ್ದಾರೆ. ದಯವಿಟ್ಟು ಒಮ್ಮೆ ತೆರೆದು ನೋಡಿ. ಒಳಗೆ ಪ್ರೊಫೈಲ್‌ಗಳ ಹೆಸರು ಅಂಕಿ ಅಕ್ಷರಗಳ ಉದ್ದ ಸಾಲಿನಂತೆ ಕಾಣುತ್ತದೆ. ನೀವು ಕೊಟ್ಟ ಹೆಸರನ್ನೇ ಆಟ ಹಾಗೆ ಬರೆದಿಟ್ಟಿರುತ್ತದೆ, ಗಾಬರಿಯಾಗಬೇಡಿ.

ಅಲ್ಲೇ ನಮಗೆ ಜೀವ ಬಂದದ್ದು. ಪ್ರೊಫೈಲ್ಸ್ ಫೋಲ್ಡರಿನ ಪಕ್ಕದಲ್ಲೇ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಇತ್ತು. ಹೆಸರಿನ ಕೊನೆಗೆ ಹಳೆಯ ಆವೃತ್ತಿಯ ಸಂಖ್ಯೆ, ಆಮೇಲೆ "ಬ್ಯಾಕ್". ದೊಡ್ಡ ಅಪ್‌ಡೇಟ್ ಆದಾಗ ಆಟ ತಾನೇ ಹಳೆಯ ಪ್ರೊಫೈಲ್‌ಗಳ ಪ್ರತಿ ಮಾಡಿ ಹೀಗೆ ಎತ್ತಿಡುತ್ತದೆ. ಅಂದರೆ ಅಪ್‌ಡೇಟ್‌ಗೆ ಮುಂಚಿನ ಅಪ್ಪನ ಲಾರಿ, ಲೋಡು, ಗ್ಯಾರೇಜು ಎಲ್ಲ ಅದರಲ್ಲಿ ಹಾಗೇ ಇತ್ತು.

"ಮಾವ, ಇದೆ!" ಎಂದು ಹುಡುಗ ಕೂಗಿದ. ಅಡುಗೆಮನೆಯಿಂದ ಅಮ್ಮನೂ ಬಂದು ನೋಡಿದರು.

ಆದರೆ ಲೋಡ್ ಇಳಿಸಬೇಕೆಂದರೆ ಆಟ ತೆರೆಯಬೇಕು. ಹೊಸ ಆವೃತ್ತಿಯಲ್ಲಿ ಮಾಡ್‌ಗಳ ಸಮೇತ ಅದು ತೆರೆಯುವುದಿಲ್ಲ. ಇದಕ್ಕೆ ದಾರಿ ಸ್ಟೀಮ್‌ನಲ್ಲೇ ಇದೆ. ಲೈಬ್ರರಿಯಲ್ಲಿ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಬೀಟಾಸ್ ಎಂಬ ಭಾಗ ಸಿಗುತ್ತದೆ. ಹೆಸರು ನೋಡಿ ಹೊಸದೇನೋ ಪ್ರಯೋಗ ಅಂದುಕೊಳ್ಳುತ್ತೇವೆ. ಆದರೆ ಈ ಆಟದ ಹಳೆಯ ಆವೃತ್ತಿಗಳ ಪಟ್ಟಿಯೂ ಅಲ್ಲೇ ಇರುತ್ತದೆ. ನಮ್ಮ ಹಳೆಯ ಸಂಖ್ಯೆ ಆರಿಸಿದೆವು. ಅದು ಡೌನ್‌ಲೋಡ್ ಆಗುವಷ್ಟರಲ್ಲಿ ಊಟ ಮುಗಿಯಿತು. ಆಮೇಲೆ ಈಗಿನ ಪ್ರೊಫೈಲ್ಸ್ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಬ್ಯಾಕಪ್ಪಿನ ಒಂದು ಪ್ರತಿಯನ್ನು ಪ್ರೊಫೈಲ್ಸ್ ಎಂಬ ಹೆಸರಿನಲ್ಲಿ ಅಲ್ಲಿಟ್ಟೆವು. ಪ್ರತಿ ಎಂದೆ, ಗಮನಿಸಿ. ಬ್ಯಾಕಪ್ಪನ್ನೇ ಎತ್ತಿ ಬಳಸಬಾರದು. ಇನ್ನೊಂದು ವಿಷಯ, ಹೊಸ ಆವೃತ್ತಿಯಲ್ಲಿ ಮಾಡಿದ ಸೇವ್ ಹಳೆಯ ಆವೃತ್ತಿಗೆ ಹೊಂದುವುದಿಲ್ಲ. ಅಪ್‌ಡೇಟ್‌ಗೆ ಮುಂಚಿನದೇ ಬೇಕು.

ಆಟ ತೆರೆಯಿತು. ಲೇಲ್ಯಾಂಡ್ ನಿಂತಿತ್ತು, ಹಿಂದೆ ಕೋಲಾರಮ್ಮನ ಕೃಪೆ. ಅಪ್ಪ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದುಕೊಂಡರು. "ಈಗ ಹೇಳು, ಏನೇನ್ ಇಳಿಸ್ಬೇಕು?"

ಮೊದಲು ಕೈಯಲ್ಲಿದ್ದ ಲೋಡ್. ಆ ಟ್ರೇಲರ್ ಕೂಡ ಮಾಡ್‌ನದೇ ಆಗಿದ್ದರಿಂದ ಡೆಲಿವರಿ ಮುಗಿಸಲೇಬೇಕಿತ್ತು. ಅಪ್ಪ ಮುಗಿಸಿದರು. ಆಮೇಲೆ ಭಾರತದ ನಕ್ಷೆಯಿಂದ ಹಡಗು ಹತ್ತಿ, ಯೂರೋಪಿನ ರಸ್ತೆಗಳಲ್ಲಿ ಫ್ರಾನ್ಸಿನ ಕಲೇ ಬಂದರಿನವರೆಗೆ ಓಡಿಸಿ, ಇಂಗ್ಲೆಂಡಿನ ಡೋವರ್ ದಾಟಿ ಷೆಫೀಲ್ಡಿಗೆ ಬಂದರು. ನಕ್ಷೆಯ ಮಾಡ್ ತೆಗೆಯುವಾಗ ಗಾಡಿ ಆ ನಕ್ಷೆಯ ಮೇಲೆ ನಿಂತಿರಬಾರದು. ನೆಲವೇ ಇಲ್ಲದ ಕಡೆ ಗಾಡಿ ಎಲ್ಲಿ ನಿಲ್ಲುತ್ತದೆ, ಅಲ್ವಾ? ಷೆಫೀಲ್ಡ್, ಕಲೇ, ರಾಟರ್‌ಡ್ಯಾಮ್, ಪ್ರಾಗ್‌ನಂತಹ ಊರುಗಳು ಮೂಲ ಆಟದಲ್ಲೇ ಇರುವುದರಿಂದ ಅಲ್ಲಿ ಭಯವಿಲ್ಲ.

ಆಮೇಲೆ ಆ ಇಬ್ಬರು ಡ್ರೈವರುಗಳು. ಅವರು ಭಾರತದ ನಕ್ಷೆಯ ಗ್ಯಾರೇಜಿನಲ್ಲಿದ್ದರು. ಇಬ್ಬರನ್ನೂ ಅವರ ಗಾಡಿಗಳನ್ನೂ ಷೆಫೀಲ್ಡಿಗೆ ವರ್ಗ ಮಾಡಿದೆವು. ಮುಖ್ಯ ಗ್ಯಾರೇಜ್ ಷೆಫೀಲ್ಡೇ ಇದೆಯಾ ಎಂದು ನೋಡಿಕೊಂಡೆವು. ಡ್ರೈವರುಗಳಿಗೆ ಕೊಟ್ಟಿದ್ದ ಗಾಡಿಗಳೂ ಮಾಡ್‌ನವೇ. ಇದನ್ನು ತುಂಬಾ ಜನ ಮರೆಯುತ್ತಾರೆ. ತಮ್ಮ ಗಾಡಿ ಬದಲಿಸುತ್ತಾರೆ, ಡ್ರೈವರ್ ಕೈಯಲ್ಲಿರುವುದನ್ನು ಮರೆಯುತ್ತಾರೆ. ಅವನ್ನು ಮಾರಿ ಮೂಲ ಆಟದ ಗಾಡಿಗಳನ್ನು ಕೊಡಿಸಿದೆವು.

ಕೊನೆಗೆ ಅಪ್ಪನ ಲೇಲ್ಯಾಂಡ್.

"ಇದನ್ನೂ ಮಾರ್ಬೇಕಾ?"

"ಹೂಂ ತಾತ. ಮಾಡಿದೋರು ಹೊಸದು ಬಿಟ್ಟಮೇಲೆ ಮತ್ತೆ ತಗೊಳ್ಳೋಣ."

ಅಪ್ಪ ಗ್ಯಾರೇಜಿನ ಸುತ್ತ ಒಂದು ರೌಂಡ್ ಹೊಡೆದು ಬಂದರು. ಹಾರನ್ ಒಂದು ಸಲ ಬಾರಿಸಿದರು. ಆಮೇಲೆ ಅವರೇ ಮಾರುವ ಬಟನ್ ಒತ್ತಿದರು. ಬಲಗಡೆ ಸ್ಟೀರಿಂಗ್ ಇರುವ ಒಂದು ಡ್ಯಾಫ್ ಲಾರಿ ಕೊಂಡರು. ಆಟದಲ್ಲಿ ಒಂದು ರಾತ್ರಿ ನಿದ್ದೆ ಮಾಡಿಸಿ, ಕೆಲಸಗಳ ಪಟ್ಟಿ ಹೊಸದಾಗಲು ಬಿಟ್ಟೆವು. ಬೇರೆ ಹೆಸರಿನಲ್ಲಿ ಹೊಸದೊಂದು ಸೇವ್ ಮಾಡಿದೆವು, ಹಳೆಯದರ ಮೇಲೆ ಬರೆಯಲಿಲ್ಲ.

ಅಲ್ಲಿಗೆ ಲೋಡ್ ಇಳಿದಿತ್ತು. ಗಾಡಿಯನ್ನು ಶೆಡ್ಡಿಗೆ ಬಿಡಬಹುದಿತ್ತು.

ಪ್ರೊಫೈಲ್ ಪರದೆಯಲ್ಲಿ ಮಾಡ್ ಮ್ಯಾನೇಜರ್ ಇದೆ. ಒಂದು ಕಡೆ ಇರುವ ಮಾಡ್‌ಗಳು, ಇನ್ನೊಂದು ಕಡೆ ಈ ಪ್ರೊಫೈಲಿಗೆ ಹಾಕಿಕೊಂಡವು. ಹಾಕಿಕೊಂಡವುಗಳಲ್ಲಿ ಮೇಲಿರುವುದರ ಮಾತೇ ನಡೆಯುವುದು. ಒಂದೇ ವಸ್ತುವನ್ನು ಎರಡು ಮಾಡ್ ಬದಲಿಸಿದರೆ ಮೇಲಿನದು ಗೆಲ್ಲುತ್ತದೆ. ನಕ್ಷೆ ಮತ್ತು ಲಾರಿಗಳನ್ನು ಅಲ್ಲಿ ನಿಲ್ಲಿಸಿದೆವು. ಸೇವ್ ತೆರೆದಾಗ ಆಟ ಮತ್ತೆ ಎಚ್ಚರಿಸಿತು. ಈ ಸಲ ಹೂಂ ಎನ್ನಲು ಕೈ ನಡುಗಲಿಲ್ಲ. ಡ್ಯಾಫ್ ಷೆಫೀಲ್ಡಿನಲ್ಲಿ ನಿಂತಿತ್ತು, ಡ್ರೈವರುಗಳು ಪಟ್ಟಿಯಲ್ಲಿದ್ದರು. ಮತ್ತೊಂದು ಸೇವ್. ಆಮೇಲಷ್ಟೇ ಫೋಲ್ಡರಿಗೆ ಹೋಗಿ ಆ ಫೈಲುಗಳನ್ನು ಎತ್ತಿದ್ದು. ಡಿಲೀಟ್ ಮಾಡಲಿಲ್ಲ. "ತೆಗೆದದ್ದು" ಎಂಬ ಬೇರೆ ಫೋಲ್ಡರಿಗೆ ಹಾಕಿದೆವು.

ಎಲ್ಲ ಮಾಡ್‌ಗೂ ಇಷ್ಟು ಶ್ರಮ ಬೇಕಿಲ್ಲ. ಹಾರನ್, ಇಂಜಿನ್ ಸದ್ದು, ಮಳೆ, ಆಕಾಶದ ಬಣ್ಣ ಇಂಥವು ಸೇವ್ ಒಳಗೆ ಬೇರು ಬಿಡುವುದಿಲ್ಲ. ಯಾವಾಗ ಬೇಕಾದರೂ ನಿಲ್ಲಿಸಬಹುದು. ಜಾಗ್ರತೆ ಬೇಕಾದ್ದು ನೀವು ಕೊಂಡ ವಸ್ತುಗಳಿಗೆ ಮತ್ತು ನೀವು ನಿಂತ ನೆಲಕ್ಕೆ.

ಹುಡುಗನಿಗೆ ಒಂದು ನಂಬಿಕೆ ಇತ್ತು, ಆಟವನ್ನೇ ತೆಗೆದು ಮತ್ತೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು. ಹೋಗುವುದಿಲ್ಲ. ಡಾಕ್ಯುಮೆಂಟ್ಸ್‌ನಲ್ಲಿರುವ ಮಾಡ್‌ಗಳನ್ನು ಅದು ಮುಟ್ಟುವುದಿಲ್ಲ. ಸ್ಟೀಮ್‌ನಲ್ಲಿ ಫೈಲುಗಳನ್ನು ಪರೀಕ್ಷೆ ಮಾಡಿಸಿದರೂ ಆಟದ ಸ್ವಂತ ಫೈಲುಗಳನ್ನಷ್ಟೇ ಅದು ನೋಡುತ್ತದೆ. ಸ್ಟೀಮ್‌ನಲ್ಲೇ ಮಾಡ್ ಹಂಚಿಕೊಳ್ಳುವ ಜಾಗವಾದ ಸ್ಟೀಮ್ ವರ್ಕ್‌ಶಾಪ್‌ನಿಂದ ಬಂದ ಮಾಡ್‌ಗಳ ದಾರಿ ಬೇರೆ. ಅವು ಡಾಕ್ಯುಮೆಂಟ್ಸ್‌ನಲ್ಲಿ ಇರುವುದೇ ಇಲ್ಲ. ಸ್ಟೀಮ್ ಒಳಗಿನ ವರ್ಕ್‌ಶಾಪ್ ಫೋಲ್ಡರಿನಲ್ಲಿ 227300 ಎಂಬ ಸಂಖ್ಯೆಯ ಕೆಳಗೆ ಇರುತ್ತವೆ. ಅದು ಈ ಆಟಕ್ಕೆ ಸ್ಟೀಮ್ ಕೊಟ್ಟ ಸಂಖ್ಯೆ. ಅವನ್ನು ತೆಗೆಯಬೇಕಾದರೆ ವರ್ಕ್‌ಶಾಪ್ ಪುಟದಲ್ಲಿ ಸಬ್‌ಸ್ಕ್ರೈಬ್ ಮಾಡಿದ್ದನ್ನು ಬಿಡಬೇಕು. ಆದರೆ ಆಟದ ಒಳಗೆ ಲೋಡ್ ಇಳಿಸುವ ಕೆಲಸ ಅವಕ್ಕೂ ಅಷ್ಟೇ ಬೇಕು.

ಹೊಸ ಆವೃತ್ತಿಗೆ ವಾಪಸ್ ಬಂದೆವು. ಆಟ ತೆರೆಯಿತು. ಅಪ್ಪ ಹತ್ತು ನಿಮಿಷ ಓಡಿಸಿದರು. ಮತ್ತೆ ಮುಚ್ಚಿಕೊಂಡಿತು.

ಆಗ ನಿಜವಾಗಿ ಬೇಜಾರಾಯಿತು. ಇನ್ನೂ 29 ಮಾಡ್ ಉಳಿದಿದ್ದವು. ಅದೇ ಫೋಲ್ಡರಿನಲ್ಲಿ ಆಟದ ಲಾಗ್ ಎಂಬ ಟೆಕ್ಸ್ಟ್ ಫೈಲ್ ಇರುತ್ತದೆ, ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಆಟ ಮಾಡಿದ್ದನ್ನೆಲ್ಲ ಸಮಯದ ಸಮೇತ ಅದರಲ್ಲಿ ಬರೆಯುತ್ತಾ ಹೋಗುತ್ತದೆ. ಎರರ್ ಎಂದು ಗುರುತು ಹಾಕಿದ ಸಾಲುಗಳನ್ನು ಕೊನೆಯಿಂದ ಮೇಲಕ್ಕೆ ಓದಿಕೊಂಡು ಹೋದೆ. ಕೆಲವು ಸಲ ಯಾವ ಗಾಡಿ, ಯಾವ ಫೈಲು ಎಂಬ ಸುಳಿವು ಸಿಗುತ್ತದೆ. ನಮಗೆ ಸಿಗಲಿಲ್ಲ, ಎರರ್‌ಗಳೇ ಜಾಸ್ತಿ ಇದ್ದವು.

ಅಪ್ಪನ ಪ್ರೊಫೈಲ್ ಮುಟ್ಟಲು ಮನಸ್ಸು ಬರಲಿಲ್ಲ. ಪರೀಕ್ಷೆಗೆಂದೇ ಹೊಸ ಪ್ರೊಫೈಲ್ ಮಾಡಿದೆವು. ಅದರಲ್ಲಿ ಅರ್ಧ ಮಾಡ್ ಹಾಕಿ ಓಡಿಸಿದೆವು. ತೊಂದರೆ ಬಂದರೆ ಕಳ್ಳ ಆ ಅರ್ಧದಲ್ಲಿದೆ, ಬರದಿದ್ದರೆ ಇನ್ನೊಂದು ಅರ್ಧದಲ್ಲಿ. ಮತ್ತೆ ಅದರಲ್ಲಿ ಅರ್ಧ. ಒಂದೊಂದೇ ತೆಗೆದು ನೋಡಿದ್ದರೆ 29 ಸಲ ಆಗಬಹುದಿತ್ತು, ಹೀಗೆ ಐದೇ ಸಲಕ್ಕೆ ಸಿಕ್ಕಿತು. ಟ್ರಾಫಿಕ್ ಮಾಡ್. ಅದರಲ್ಲಿದ್ದ ಯಾವುದೋ ಒಂದು ಬಸ್ಸು ಕಣ್ಣಿಗೆ ಬೀಳುವ ಹೊತ್ತಿಗೆ ಆಟ ನಿಲ್ಲುತ್ತಿತ್ತು. ಟ್ರಾಫಿಕ್ ಅಪ್ಪನ ಸ್ವತ್ತಲ್ಲ, ರಸ್ತೆಯಲ್ಲಿ ಓಡಾಡುವುದಷ್ಟೇ. ಮಾಡ್ ನಿಲ್ಲಿಸಿದರೆ ಸಾಕಾಯಿತು.

ಸಂಜೆ ಉಳಿದವನ್ನೂ ಜಾಲಾಡಿದೆವು. ಈ ಆಟದ ಮಾಡ್ ಸಾಮಾನ್ಯವಾಗಿ ಎಸ್‌ಸಿಎಸ್ ಅಥವಾ ಜಿಪ್ ಎಂಬ ಕೊನೆಯ ಹೆಸರಿನ ಫೈಲು. ಹುಡುಗ ಇಳಿಸಿಟ್ಟಿದ್ದ ಒಂದರಲ್ಲಿ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡುವಂಥ ಎಕ್ಸ್ಇ ಫೈಲ್ ಇತ್ತು. ಒಂದು ಹಾರನ್ನಿಗೆ ಅದು ಯಾಕೆ ಬೇಕು? ಓಡಿಸಿರಲಿಲ್ಲ, ಪುಣ್ಯ. ಅದನ್ನು ಮಾತ್ರ ನೇರವಾಗಿ ಡಿಲೀಟ್ ಮಾಡಿ, ಕಂಪ್ಯೂಟರನ್ನು ಪೂರ್ತಿ ಸ್ಕ್ಯಾನ್ ಮಾಡಿಸಿದೆ. ವೀಡಿಯೋ ಒಳಗೆ ಪಾಸ್‌ವರ್ಡ್ ಹೇಳಿ ತೆರೆಸುವ ಜಿಪ್ ಫೈಲುಗಳು ನಮ್ಮ ಬಸ್ಸು ಲಾರಿ ಮಾಡ್‌ಗಳಲ್ಲಿ ಬಹಳ. ಎಲ್ಲವೂ ಕೆಟ್ಟದ್ದಲ್ಲ. ಆದರೆ ಪಾಸ್‌ವರ್ಡ್ ಇರುವ ಜಿಪ್ಪಿನ ಒಳಗೆ ಏನಿದೆ ಎಂದು ಆಂಟಿವೈರಸ್ ನೋಡಲಾರದು. ಬಿಚ್ಚಿದ ಮೇಲೆ ನೀವೇ ನೋಡಬೇಕು. ಹುಡುಗನಿಗೆ ಗದರಲಿಲ್ಲ. ತಾತನಿಗಾಗಿ ತಂದದ್ದು ಅದು. ಕೂರಿಸಿ ತೋರಿಸಿದೆ.

ಕೊನೆಗೆ ಉಳಿದದ್ದು 9 ಮಾಡ್. ಹೊಸ ಆವೃತ್ತಿಗೆ ಹೊಂದುತ್ತವೆ ಎಂದು ಅವುಗಳ ವಿವರದಲ್ಲೇ ಬರೆದಿದ್ದವು ಮಾತ್ರ. ಸ್ಟೀಮ್‌ನಲ್ಲಿ, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಎಂಬ ಆಯ್ಕೆ ಹಾಕಿದೆ. ದೊಡ್ಡ ಅಪ್‌ಡೇಟ್ ಬಂದಾಗ ಬೀಟಾಸ್‌ನಲ್ಲಿ ಹಳೆಯ ಸಂಖ್ಯೆ ಆರಿಸಿಕೊಂಡು ಹಳೆಯದರಲ್ಲೇ ಉಳಿಯಬಹುದು. ಮಾಡ್‌ಗಳೆಲ್ಲ ಸಿದ್ಧವಾದಮೇಲೆ ನಾವೇ ಮುಂದಕ್ಕೆ ಹೋಗಬಹುದು.

ಅಪ್ಪ ಬೀರುವಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದರು. ಲಾರಿ ಓಡಿಸುತ್ತಿದ್ದಾಗ ಟ್ರಿಪ್ಪು, ಡೀಸೆಲ್ಲು, ಬಾಟಾ ಲೆಕ್ಕ ಬರೆಯುತ್ತಿದ್ದದ್ದು. ಹಿಂದಿನ ಖಾಲಿ ಹಾಳೆಗಳಲ್ಲಿ ಗೀಟು ಎಳೆದರು. ಮಾಡ್ ಹೆಸರು, ಎಲ್ಲಿಂದ, ಯಾವ ಆವೃತ್ತಿಗೆ, ಒಳಗೆ ಬಂದ ದಿನ, ಹೊರಗೆ ಹೋದ ದಿನ. ಒಂಬತ್ತನ್ನೂ ಹುಡುಗ ಓದಿ ಹೇಳಿದ, ಅಪ್ಪ ಬರೆದುಕೊಂಡರು. ತೆಗೆದ 28ನ್ನೂ ಬರೆಸಿದರು. "ಇಳಿಸಿದ್ ಲೋಡಿಗೂ ಲೆಕ್ಕ ಇರ್ಬೇಕು" ಎಂದರು.

ಎರಡು ತಿಂಗಳಾದ ಮೇಲೆ ಲೇಲ್ಯಾಂಡ್ ಮಾಡ್ ಮಾಡಿದವರು ಹೊಸದನ್ನು ಬಿಟ್ಟರು. ಹುಡುಗ ಮೊದಲು ಪರೀಕ್ಷೆಯ ಪ್ರೊಫೈಲಿನಲ್ಲಿ ಹಾಕಿ ಒಂದು ಸಂಜೆ ಪೂರ್ತಿ ಓಡಿಸಿದ. ಲಾಗ್ ತೆರೆದು ಎರರ್ ಹುಡುಕಿದ. ಮಾರನೆಯ ದಿನ ಪ್ರೊಫೈಲ್ಸ್ ಫೋಲ್ಡರ್ ಕಾಪಿ ಮಾಡಿಟ್ಟು ತಾತನ ಪಟ್ಟಿಗೆ ಸೇರಿಸಿದ. ಅಪ್ಪ ಲಾರಿ ಕೊಂಡರು, ಕನ್ನಡಿ ಸರಿ ಮಾಡಿಕೊಂಡರು, ಹಿಂದಿನ ಹಲಗೆ ನೋಡಿದರು. ಹೊರಡುವ ಮೊದಲು ನೋಟ್‌ಬುಕ್ ತೆಗೆದು "ಲೇಲ್ಯಾಂಡ್" ಎಂದು ಬರೆದು, ಒಳಗೆ ಬಂದ ದಿನದ ಕೆಳಗೆ ತಾರೀಖು ಹಾಕಿದರು. ಪಕ್ಕದ, ಹೊರಗೆ ಹೋದ ದಿನದ ಕಾಲಂ ಖಾಲಿ ಬಿಟ್ಟು, ಪೆನ್ನು ಮುಚ್ಚಿ, ಗೇರ್ ಹಾಕಿದರು.